ಮಕ್ಕಳೊಂದಿಗೆ ಸಿನಿಮಾ ನೋಡುವ ಮುನ್ನ ವಿಮರ್ಶೆಯನ್ನು ಹೀಗೆ ಓದಿ

ಚಿಕ್ಕಮಗಳೂರು ಮತ್ತು ಸುತ್ತಲಿನ ಕ್ರೈಸ್ತ ಸಭೆಗಳ ಪೋಷಕರಿಗೆ ರಜೆಯ ದಿನಗಳಲ್ಲಿ ಉಪಯೋಗವಾಗಬಹುದಾದ ಒಂದು ಸಲಹೆ. ಅಮೆರಿಕದ ಫೋಕಸ್ ಆನ್ ದ ಫ್ಯಾಮಿಲಿ ಸಂಸ್ಥೆಯ 'ಪ್ಲಗ್ಡ್ ಇನ್' ಎಂಬ ವಿಮರ್ಶಾ ಜಾಲತಾಣ ಚಲನಚಿತ್ರಗಳನ್ನು ಕ್ರೈಸ್ತ ಕುಟುಂಬದ ದೃಷ್ಟಿಯಿಂದ ಪರಿಶೀಲಿಸುತ್ತದೆ. ಒಳ್ಳೆಯ ಅಂಶಗಳು, ಆಧ್ಯಾತ್ಮಿಕ ವಿಷಯ, ಲೈಂಗಿಕತೆ, ಹಿಂಸೆ, ಭಾಷೆ, ಮದ್ಯ ಮತ್ತು ಮಾದಕ ವಸ್ತು ಎಂದು ಪ್ರತಿಯೊಂದನ್ನೂ ಪ್ರತ್ಯೇಕ ಶೀರ್ಷಿಕೆಯಡಿ ವಿವರಿಸುವುದರಿಂದ, ಅವರ ತೀರ್ಪನ್ನು ಒಪ್ಪದಿದ್ದರೂ ನಮ್ಮ ಮನೆಗೆ ಬೇಕಾದ ಮಾಹಿತಿ ಸಿಗುತ್ತದೆ. (ಕಥೆಯ ತಿರುವುಗಳೂ ಅಲ್ಲಿ ಬಯಲಾಗುತ್ತವೆ, ಆದ್ದರಿಂದ ಪೋಷಕರಲ್ಲಿ ಒಬ್ಬರೇ ಓದುವುದು ಲೇಸು.)

ಕಥೋಲಿಕ ವಿಮರ್ಶೆಗಳಲ್ಲಿ ಕಾಣುವ ಶ್ರೇಣಿಗಳಲ್ಲಿ ಎ-1 ಎಲ್ಲರಿಗೂ, ಎ-2 ವಯಸ್ಕರಿಗೂ ಹದಿಹರೆಯದವರಿಗೂ, ಎ-3 ವಯಸ್ಕರಿಗೆ ಮಾತ್ರ. 'ಒ' ಎಂದರೆ ನೈತಿಕವಾಗಿ ಆಕ್ಷೇಪಾರ್ಹ. ಈ 'ಎ' ಶ್ರೇಣಿಗಳನ್ನು ನಮ್ಮ ಸೆನ್ಸಾರ್ ಮಂಡಳಿಯ 'ಎ' ಪ್ರಮಾಣಪತ್ರದೊಂದಿಗೆ ಗೊಂದಲ ಮಾಡಿಕೊಳ್ಳಬಾರದು.

ಕನ್ನಡ ಚಿತ್ರಗಳ ವಿಮರ್ಶೆ ಇಂಥ ತಾಣಗಳಲ್ಲಿ ಸಿಗುವುದು ಅಪರೂಪ. ಆಗ ಸೆನ್ಸಾರ್ ಮಂಡಳಿ ಕೊಡುವ ಯುಎ 7+, 13+, 16+ ಎಂಬ ವಯೋಸೂಚಿಯಿಂದ ಆರಂಭಿಸಿ, ಮೇಲಿನ ಶೀರ್ಷಿಕೆಗಳನ್ನೇ ಪ್ರಶ್ನೆಗಳನ್ನಾಗಿ ಮಾಡಿ, ಚಿತ್ರ ನೋಡಿಬಂದ ಸಭೆಯ ಹಿರಿಯರೊಬ್ಬರನ್ನೋ ಭಾನುವಾರ ಶಾಲೆಯ ಶಿಕ್ಷಕರನ್ನೋ ಕೇಳುವುದು ಉತ್ತಮ. 'ಚೆನ್ನಾಗಿದೆಯೇ' ಎಂದು ಕೇಳಿದರೆ ಪ್ರಯೋಜನವಿಲ್ಲ. ಕುಡಿತವನ್ನು ಹಾಸ್ಯವಾಗಿ ತೋರಿಸಿದ್ದಾರೆಯೇ, ಹಿಂಸೆಗೆ ಪರಿಣಾಮವಿದೆಯೇ ಎಂದು ನಿರ್ದಿಷ್ಟವಾಗಿ ಕೇಳಬೇಕು. ದೇವರ ಹೆಸರಿರುವ ಚಿತ್ರವೆಲ್ಲ ಮಕ್ಕಳಿಗೆ ತಕ್ಕುದೆಂದು ಭಾವಿಸುವುದೂ ಸರಿಯಲ್ಲ, ಏಕೆಂದರೆ ಶಿಲುಬೆಯ ಯಾತನೆಯನ್ನು ನೇರವಾಗಿ ತೋರಿಸುವ ದೃಶ್ಯಗಳು ಚಿಕ್ಕವರನ್ನು ಬೆದರಿಸಬಲ್ಲವು.