ಮನೆಯ ಕಂಪ್ಯೂಟರಿಗೆ ನಾನು ಕಟ್ಟಿಕೊಂಡ ಕಾವಲು

ಹಾಸನದ ಕೆ.ಆರ್. ಪುರಂನ ನಮ್ಮ ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರು. ಹಗಲೆಲ್ಲ ಅದರಲ್ಲಿ ನನ್ನ ಡಿಟಿಪಿ ಕೆಲಸ: ಮದುವೆ, ಗೃಹಪ್ರವೇಶದ ಕಾರ್ಡು, ಹಾಲು ಉತ್ಪಾದಕರ ಸಂಘಗಳ ವಾರ್ಷಿಕ ವರದಿ, ಶಾಲೆಗಳ ಪ್ರಶ್ನೆಪತ್ರಿಕೆ, ಹಾಸನಾಂಬೆಯ ಬಾಗಿಲು ತೆಗೆಯುವ ದಿನ ಹತ್ತಿರ ಬಂತೆಂದರೆ ಕರಪತ್ರ, ಫ್ಲೆಕ್ಸ್. ರಾತ್ರಿ ಮಗನ ಪಿಯುಸಿ ಪಾಠ, ಮನೆಯವರ ಬ್ಯಾಂಕ್ ವ್ಯವಹಾರ. "ಯಾವ ಆಂಟಿವೈರಸ್ ಹಾಕ್ಕೊಂಡಿದ್ದೀರಾ?" ಅಂತ ಬಂದವರೆಲ್ಲ ಕೇಳುತ್ತಾರೆ. ಹೆಸರು ಹೇಳುವ ಮೊದಲು ನಾನೇ ಅವರನ್ನು ಕೇಳುತ್ತೇನೆ: ನಿಮ್ಮ ಕಂಪ್ಯೂಟರಿಗೆ ಹೊರಗಿನ ಫೈಲು ಬರುವುದು ಎಲ್ಲಿಂದ? ಅದು ಗೊತ್ತಾಗದೆ ತಂತ್ರಾಂಶ ಆರಿಸಲು ಹೋದರೆ ದುಡ್ಡು ಖರ್ಚಾಗುತ್ತದೆ, ತೂತು ಮಾತ್ರ ಹಾಗೇ ಉಳಿಯುತ್ತದೆ.

ನಮ್ಮ ಮನೆಗೆ ಬರುವ ದೊಡ್ಡ ದಾರಿ ಪೆನ್‌ಡ್ರೈವ್. ಅರಕಲಗೂಡು, ಹೊಳೆನರಸೀಪುರ, ಬೇಲೂರು ಕಡೆಯಿಂದ ಬರುವ ಗಿರಾಕಿಗಳ ಪೆನ್‌ಡ್ರೈವ್ ಅದೆಷ್ಟು ಜೆರಾಕ್ಸ್ ಅಂಗಡಿ ಸುತ್ತಿ ಬಂದಿರುತ್ತದೋ ಹೇಳಲಾಗದು. ಎರಡನೆಯದು ಬ್ರೌಸರ್: ಫಾಂಟು, ಬಾರ್ಡರು, ದೇವರ ಚಿತ್ರ ಹುಡುಕುವಾಗ ಸಿಗುವ ಜಾಲತಾಣಗಳು. ಮೂರನೆಯದು ನಮ್ಮ ವೃತ್ತಿಗೇ ಅಂಟಿಕೊಂಡಿರುವ ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದ ತಂತ್ರಾಂಶ. ಈ ಮೂರನ್ನು ಇಟ್ಟುಕೊಂಡೇ ನಾನು ಒಂದೊಂದನ್ನೂ ಆರಿಸಿದ್ದು. ಒಂದು ಕೆಲಸಕ್ಕೆ ಒಂದೇ ಸಾಧನ, ಒಂದು ಮಾಡುವುದನ್ನು ಇನ್ನೊಂದು ಮಾಡಬಾರದು ಅನ್ನುವುದು ನನ್ನ ಲೆಕ್ಕ.

ಸದಾ ಎಚ್ಚರವಾಗಿರುವ ಆಂಟಿವೈರಸ್ ಒಂದೇ ಇರಬೇಕು. ಎರಡು ಹಾಕಿದರೆ ಭದ್ರತೆ ಎರಡರಷ್ಟಾಗುತ್ತದೆ ಅಂತ ನಂಬಿದವರು ಬಹಳ ಜನ. ನಾವು ಫೈಲು ತೆರೆಯುವ ಕ್ಷಣದಲ್ಲಿ ಆಂಟಿವೈರಸ್ ನಡುವೆ ನಿಂತು ಅದನ್ನು ಓದಿ ನೋಡುತ್ತದೆ. ಎರಡಿದ್ದರೆ ಎರಡೂ ನಡುವೆ ನಿಲ್ಲುತ್ತವೆ. ಒಂದು ಓದುತ್ತಿರುವುದನ್ನು ಇನ್ನೊಂದು ತಡೆದು ಪರೀಕ್ಷಿಸುತ್ತದೆ, ಒಂದು ಹಿಡಿದು ಕಟ್ಟಿಹಾಕಿದ ವೈರಸ್ಸನ್ನು ಇನ್ನೊಂದು ಹೊಸದಾಗಿ ಸಿಕ್ಕಿತೆಂದು ಕೂಗುತ್ತದೆ. ಫೋಟೋ ತುಂಬಿದ ವರದಿಯ ಫೈಲು ತೆರೆಯಲು ಕೂತರೆ ಗಣಕ ಅಲ್ಲೇ ನಿಂತುಬಿಡುತ್ತದೆ.

ಆ ಒಂದು ಸ್ಥಾನಕ್ಕೆ ನಾನು ಆರಿಸಿದ್ದು ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್. ಜರ್ಮನಿಯ ಮಾಗ್ಡೆಬರ್ಗಿನ ಎವಿ-ಟೆಸ್ಟ್ ಸಂಸ್ಥೆಯ ಪರೀಕ್ಷೆಗಳಲ್ಲಿ ಅದು ವರ್ಷಗಳಿಂದ ಒಳ್ಳೆಯ ಅಂಕ ಪಡೆಯುತ್ತಿದೆ. ದುಡ್ಡು ಕೊಟ್ಟು ತಂದದ್ದರ ಅವಧಿ ಮುಗಿದು, ನವೀಕರಣ ನಿಂತು, ಪರದೆಯ ಮೂಲೆಯಲ್ಲಿ ಐಕಾನ್ ಮಾತ್ರ ಉಳಿದಿರುವ ಕಂಪ್ಯೂಟರುಗಳನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಡಿಫೆಂಡರಿಗೆ ಆ ರಗಳೆಯಿಲ್ಲ. ಆದರೆ ಅದರ ಒಂದು ಗುಣ ತಿಳಿದಿರಬೇಕು. ಹೊಸ ವೈರಸ್ ಹಿಡಿಯಲು ಅದು ಇಂಟರ್ನೆಟ್ ಮೂಲಕ ತನ್ನ ಕಂಪನಿಯ ಸರ್ವರನ್ನು ವಿಚಾರಿಸುತ್ತದೆ. ನೆಟ್ ಇಲ್ಲದಾಗ ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು, ನೆಟ್ಟು ಎರಡೂ ಕೈಕೊಡುವುದುಂಟು. ಯುಪಿಎಸ್ ಮೇಲೆ ಕೆಲಸ ನಡೆಯುತ್ತಿದ್ದರೂ ನೆಟ್ ವಾಪಸ್ ಬರುವ ತನಕ ಹೊರಗಿನ ಪೆನ್‌ಡ್ರೈವ್ ಚುಚ್ಚುವುದಿಲ್ಲ. ಗಿರಾಕಿಗೆ ಒಂದು ಲೋಟ ಕಾಫಿ ಕೊಟ್ಟು ಕೂರಿಸುತ್ತೇನೆ.

ಸಕಲೇಶಪುರದ ಒಳಗಿನ ತೋಟದ ಮನೆಗಳಂತೆ ನೆಟ್ ಸಿಗುವುದೇ ಅಪರೂಪವಾದಲ್ಲಿ ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ತರಹದ ಆಂಟಿವೈರಸ್ಸನ್ನು ಕೊಂಡು ಹಾಕಿಕೊಳ್ಳುವುದರಲ್ಲಿ ಅರ್ಥವಿದೆ, ವರ್ಷ ವರ್ಷ ಮರೆಯದೆ ನವೀಕರಿಸುವುದಾದರೆ. ಆಗ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಅದನ್ನು ಬಲವಂತವಾಗಿ ಎಬ್ಬಿಸಬೇಡಿ. ಆಗಾಗ ಒಮ್ಮೆ ಮಾತ್ರ ಸ್ಕ್ಯಾನ್ ಮಾಡುವ ಆಯ್ಕೆ ಸೆಟ್ಟಿಂಗ್ಸಿನಲ್ಲಿದೆ, ಅಷ್ಟು ಸಾಕು.

ಡಿಫೆಂಡರನ್ನು ಇದ್ದಂತೆ ಬಿಟ್ಟರೆ ಅರ್ಧ ಕೆಲಸವಷ್ಟೇ ಆಗುತ್ತದೆ. ವಿಂಡೋಸ್ ಸೆಕ್ಯುರಿಟಿ ತೆರೆದು ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದೆಯೇ ನೋಡಿಕೊಂಡೆ. ಅದಿದ್ದರೆ ಬೇರೆ ಪ್ರೋಗ್ರಾಂಗಳು ಡಿಫೆಂಡರನ್ನು ಸದ್ದಿಲ್ಲದೆ ಆಫ್ ಮಾಡಲಾಗದು. ಬೇಡದ ಟೂಲ್‌ಬಾರು, ನಕಲಿ ಕ್ಲೀನರುಗಳನ್ನು ತಡೆಯುವ ಆಯ್ಕೆಯನ್ನೂ ಆನ್ ಮಾಡಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್. ನಾವು ತೋರಿಸಿದ ಫೋಲ್ಡರುಗಳಲ್ಲಿ ಪರಿಚಯವಿಲ್ಲದ ಪ್ರೋಗ್ರಾಂ ಏನನ್ನೂ ಬರೆಯಲು ಅದು ಬಿಡುವುದಿಲ್ಲ. ಫೈಲುಗಳಿಗೆಲ್ಲ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರಿಗೆ ಇದು ನೇರ ಅಡ್ಡಿ. ಪುಟ ಜೋಡಿಸಲು ನಮ್ಮ ಕಡೆ ಇನ್ನೂ ಬಳಕೆಯಲ್ಲಿರುವ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅಂಥ ಹಳೆಯ ಪ್ರೋಗ್ರಾಂಗಳನ್ನು ಇದು ಅನುಮಾನಿಸಬಹುದು, ಸೇವ್ ಮಾಡಲು ಹೋದರೆ ಆಗುವುದಿಲ್ಲ. ಆಗ ಇಡೀ ಸೌಲಭ್ಯವನ್ನೇ ಆಫ್ ಮಾಡುವವರಿದ್ದಾರೆ. ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿಗೆ ಆ ಪ್ರೋಗ್ರಾಂ ಒಂದನ್ನು ಸೇರಿಸಿದರೆ ಮುಗಿಯಿತು.

ಇನ್ನು ಪೆನ್‌ಡ್ರೈವ್. ಒಮ್ಮೆ ಅರಕಲಗೂಡಿನ ಹುಡುಗನೊಬ್ಬ ಅಕ್ಕನ ಮದುವೆ ಕಾರ್ಡಿಗೆ ಫೋಟೋ ತಂದಿದ್ದ.

"ಅಕ್ಕ, ಫೋಟೋ ಎಲ್ಲಾ ಹೋಗ್ಬಿಟ್ಟವೆ ಕಣಕ್ಕ, ಬರೀ ಒಂದು ಶಾರ್ಟ್‌ಕಟ್ ಐತೆ."

"ಎಲ್ಲೂ ಹೋಗಿಲ್ಲ ಕಣಪ್ಪ, ಬಚ್ಚಿಟ್ಟೈತೆ. ಅದನ್ನ ಮಾತ್ರ ಒತ್ತಬೇಡ, ಇಲ್ಲಿ ಕೊಡು."

ಡ್ರೈವಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೋರಿಸಿದೆ. ಮೂರು ಜಿಬಿಯಷ್ಟು ಜಾಗ ತುಂಬಿದೆ, ಕಣ್ಣಿಗೆ ಕಾಣುವುದು ಎರಡು ಕೆಬಿಯ ಶಾರ್ಟ್‌ಕಟ್ ಒಂದೇ. ಈ ಜಾತಿಯ ವೈರಸ್ಸಿನ ಚಾಳಿ ಇದು. ಇದ್ದ ಫೈಲುಗಳನ್ನೆಲ್ಲ ಅಡಗಿಸಿ, ಅದೇ ಡ್ರೈವಿನ ಹೆಸರೂ ಚಿತ್ರವೂ ಇರುವ ಶಾರ್ಟ್‌ಕಟ್ ಇಡುತ್ತದೆ. ಒತ್ತಿದರೆ ಮೊದಲು ವೈರಸ್ಸಿನ ಸ್ಕ್ರಿಪ್ಟ್ ಓಡುತ್ತದೆ, ಆಮೇಲೆ ನಿಮ್ಮ ಫೋಲ್ಡರೂ ತೆರೆಯುತ್ತದೆ. ಫೋಟೋ ಕಂಡಿತಲ್ಲ ಅಂತ ನಾವು ಸುಮ್ಮನಾಗುತ್ತೇವೆ, ಅದು ಕಂಪ್ಯೂಟರಿನಲ್ಲಿ ಕೂತು ಮುಂದೆ ಬರುವ ಪೆನ್‌ಡ್ರೈವಿಗೆಲ್ಲ ಹತ್ತುತ್ತದೆ.

ಅದಕ್ಕೇ ನನ್ನ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಫೈಲ್ ಹೆಸರಿನ ಬಾಲ, ಅಂದರೆ ಎಕ್ಸ್‌ಟೆನ್ಶನ್, ಸದಾ ಕಾಣುವಂತೆ ಇಟ್ಟಿದ್ದೇನೆ. ಅಡಗಿದ ಫೈಲುಗಳೂ ಕಾಣುತ್ತವೆ. ಫೋಲ್ಡರ್ ಆಪ್ಷನ್ಸಿನಲ್ಲಿ ಸಿಸ್ಟಂ ಫೈಲುಗಳನ್ನು ಮರೆಮಾಡುವ ಗುರುತನ್ನೂ ತೆಗೆದಿದ್ದೇನೆ, ಅದನ್ನು ತೆಗೆಯದಿದ್ದರೆ ಈ ವೈರಸ್ ಬಚ್ಚಿಟ್ಟದ್ದು ಕಾಣುವುದಿಲ್ಲ. ಪೆನ್‌ಡ್ರೈವ್ ಚುಚ್ಚಿದೊಡನೆ ತೆರೆಯದೆ, ಅದರ ಮೇಲೆ ಬಲಗುಂಡಿ ಒತ್ತಿ ಡಿಫೆಂಡರಿನಿಂದ ಸ್ಕ್ಯಾನ್. ಸ್ಕ್ಯಾನ್ ವೈರಸ್ಸನ್ನು ತೆಗೆಯುತ್ತದೆ. ಅಡಗಿದ ಫೈಲನ್ನು ಮತ್ತೆ ಕಾಣಿಸುವ ಕೆಲಸ ಅದರದಲ್ಲ. "ಆಂಟಿವೈರಸ್ ನನ್ನ ಫೋಟೋ ನುಂಗಿತು" ಅಂತ ಜನ ಗಾಬರಿಯಾಗುವುದು ಇಲ್ಲೇ. ಅಡಗಿದ ಫೋಲ್ಡರಿನೊಳಗೆ ಹೋಗಿ, ನನಗೆ ಬೇಕಾದ ಜೆಪೆಗ್, ಪಿಡಿಎಫ್, ಪೇಜ್‌ಮೇಕರ್ ಫೈಲುಗಳನ್ನು ಮಾತ್ರ ಆರಿಸಿ ಕಾಪಿ ಮಾಡಿಕೊಳ್ಳುತ್ತೇನೆ. ಇಡೀ ಫೋಲ್ಡರನ್ನು ಎಳೆದು ತಂದರೆ ಬೇಡದ್ದೂ ಜೊತೆಗೆ ಬರಬಹುದು. ಈಗೀಗ ಬಹಳ ಗಿರಾಕಿಗಳಿಗೆ ವಾಟ್ಸ್ಆ್ಯಪ್‌ನಲ್ಲೇ ಕಳಿಸಿ ಅನ್ನುತ್ತೇನೆ, ಫೋಟೋವನ್ನು ಡಾಕ್ಯುಮೆಂಟ್ ಆಗಿ. ಹಾಗಾದರೆ ಅದರ ಗುಣಮಟ್ಟ ಕುಗ್ಗುವುದಿಲ್ಲ, ಅಚ್ಚಿಗೂ ಸರಿಹೋಗುತ್ತದೆ.

ಕಾವಲಿಗಿರುವ ಡಿಫೆಂಡರಿನ ಕಣ್ಣು ತಪ್ಪಿ ಒಳಗೆ ಬಂದದ್ದನ್ನು ಹುಡುಕಲು ಎರಡನೆಯ ಸಾಧನ ಬೇಕು. ಅದು ಕರೆದಾಗ ಮಾತ್ರ ಬರಬೇಕು, ಉಳಿದ ಹೊತ್ತು ಮಲಗಿರಬೇಕು. ಉಚಿತ ಮಾಲ್‌ವೇರ್‌ಬೈಟ್ಸ್ ಅಂಥದ್ದು. ಮೊದಲ 14 ದಿನ ಅದು ಪೂರ್ಣ ಆವೃತ್ತಿಯ ರುಚಿ ತೋರಿಸಲು ನೋಡುತ್ತದೆ, ಅದನ್ನು ಒಲ್ಲೆ ಅಂದರೆ ನಾವು ಹೇಳಿದಾಗ ಮಾತ್ರ ಸ್ಕ್ಯಾನ್ ಮಾಡುತ್ತದೆ. ಮೈಕ್ರೋಸಾಫ್ಟಿನ ಸೇಫ್ಟಿ ಸ್ಕ್ಯಾನರ್ ಕೂಡ ಇದೆ. ಇಳಿಸಿಕೊಂಡ 10 ದಿನಕ್ಕೆ ಅದರ ಆಯುಸ್ಸು ಮುಗಿಯುತ್ತದೆ, ಪ್ರತಿಸಲ ಹೊಸದಾಗಿಯೇ ತರಬೇಕು. ಅನುಮಾನ ಗಟ್ಟಿಯಾದರೆ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್. ಕಂಪ್ಯೂಟರು ಮತ್ತೆ ಶುರುವಾಗಿ, ವಿಂಡೋಸ್ ಏಳುವ ಮೊದಲೇ ಪರೀಕ್ಷೆ ನಡೆಯುವುದರಿಂದ ವೈರಸ್ಸಿಗೆ ಅಡಗಿಕೊಳ್ಳಲು ಆಸ್ಪದ ಕಡಿಮೆ.

ಫೈರ್‌ವಾಲಿಗೆ, ಅಂದರೆ ನೆಟ್ ಮೂಲಕ ಕರೆಯದೆ ಬರುವ ಸಂಪರ್ಕ ತಡೆಯುವ ಗೋಡೆಗೆ, ವಿಂಡೋಸಿನದೇ ಸಾಕು. ಬ್ರೌಸರಿನಲ್ಲಿ ಫೈರ್‌ಫಾಕ್ಸ್ ಮತ್ತು ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್. ಫಾಂಟ್ ಕೊಡುವ ಜಾಲತಾಣಗಳಲ್ಲಿ ಡೌನ್‌ಲೋಡ್ ಅಂತ ಹೊಳೆಯುವ ಹಸಿರು ಗುಂಡಿಗಳಲ್ಲಿ ಹೆಚ್ಚಿನವು ಜಾಹೀರಾತು. ಅವು ಕಾಣಿಸದೇ ಹೋದರೆ ಮಗನಿಗೂ ನನಗೂ ಒತ್ತುವ ಪ್ರಸಂಗವೇ ಬರುವುದಿಲ್ಲ. ಕ್ರೋಮ್‌ನಲ್ಲಿ ಈಗ ಇದರ ಲೈಟ್ ಆವೃತ್ತಿಯಷ್ಟೇ ಸಿಗುತ್ತದೆ, ಇಲ್ಲದ್ದಕ್ಕಿಂತ ಅದೂ ಮೇಲು.

ಕ್ರ್ಯಾಕ್ ತಂತ್ರಾಂಶದ ವಿಷಯದಲ್ಲಿ ಮಾತ್ರ ನನಗೆ ಯಾವ ರಾಜಿಯೂ ಇಲ್ಲ. ಅದರ ಜೊತೆ ಬರುವ ಸೂಚನೆಯಲ್ಲಿ ಸಾಮಾನ್ಯವಾಗಿ ಮೊದಲ ಸಾಲೇ "ಆಂಟಿವೈರಸ್ ಆಫ್ ಮಾಡಿ" ಎಂದಿರುತ್ತದೆ. ಇಷ್ಟು ಹೊತ್ತು ಕಟ್ಟಿದ್ದನ್ನು ನಮ್ಮ ಕೈಯಿಂದಲೇ ಕೆಡವಿಸುವ ಮಾತು ಅದು. ನಮ್ಮ ಕಸುಬಿನವರಿಗೆ ದುಬಾರಿ ತಂತ್ರಾಂಶ ಕೊಳ್ಳುವುದು ಕಷ್ಟ, ಒಪ್ಪುತ್ತೇನೆ. ಆದರೆ ಪುಟ ಜೋಡಿಸುವ ಸ್ಕ್ರೈಬಸ್, ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಫೋಟೋ ತಿದ್ದುವ ಗಿಂಪ್ ಪೂರ್ತಿ ಉಚಿತ. ಸ್ಕ್ರೈಬಸ್ 1.6ರಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಹೊಸ ಕೆಲಸಗಳನ್ನು ಅದರಲ್ಲೇ ಮಾಡುತ್ತಿದ್ದೇನೆ.

ಮಗನಿಗೂ ನನ್ನ ದಿನನಿತ್ಯದ ಕೆಲಸಕ್ಕೂ ಹೆಚ್ಚಿನ ಅಧಿಕಾರವಿಲ್ಲದ ಸ್ಟ್ಯಾಂಡರ್ಡ್ ಖಾತೆ. ಅಡ್ಮಿನಿಸ್ಟ್ರೇಟರ್ ಖಾತೆ ಬೇರೆ, ಅದರ ಪಾಸ್‌ವರ್ಡ್ ನನಗೊಬ್ಬಳಿಗೇ ಗೊತ್ತು. ಏನಾದರೂ ತನ್ನಷ್ಟಕ್ಕೆ ಇಡೀ ಕಂಪ್ಯೂಟರಿಗೆ ಇನ್‌ಸ್ಟಾಲ್ ಆಗಲು ಹೊರಟರೆ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಎದುರು ಬರುತ್ತದೆ.

ವಿಂಡೋಸ್ ನವೀಕರಣವನ್ನು ಮುಂದೂಡುವವರಿಗೆ ನಾನು 2017ರ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ನೆನಪಿಸುತ್ತೇನೆ. ಅದು ಲೋಕಕ್ಕೆಲ್ಲ ಹಬ್ಬಿದ್ದು ಮೇ ತಿಂಗಳಲ್ಲಿ. ಅದು ನುಸುಳಿದ ತೂತಿಗೆ ಮೈಕ್ರೋಸಾಫ್ಟ್ ತೇಪೆ ಕೊಟ್ಟದ್ದು ಮಾರ್ಚಿನಲ್ಲೇ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿಗೆ ವೈರಸ್ ಪಟ್ಟಿ ಇನ್ನೂ ಬರುತ್ತಿದೆಯಲ್ಲ ಎಂದು ನೆಮ್ಮದಿಯಿಂದಿರುವುದು ಬೇಡ, ವಿಂಡೋಸಿನ ತೂತು ಮುಚ್ಚುವ ಕೆಲಸ ಆ ಪಟ್ಟಿಯಿಂದ ಆಗದು.

ಇಷ್ಟೆಲ್ಲ ಮಾಡಿಯೂ ಒಂದು ದಿನ ಫೈಲುಗಳು ಹೋಗಬಹುದು ಎಂದುಕೊಂಡೇ ಬ್ಯಾಕಪ್. ಹೊರಗಿನ ಹಾರ್ಡ್‌ಡಿಸ್ಕನ್ನು ಕಾಪಿ ಮಾಡುವಾಗ ಜೋಡಿಸಿ, ಮುಗಿದೊಡನೆ ಕಳಚಿ ಬೀರುವಿನಲ್ಲಿ ಇಡುತ್ತೇನೆ. ಸದಾ ಚುಚ್ಚಿಕೊಂಡೇ ಇದ್ದರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ನಡೆಯುತ್ತಿರುವ ಕೆಲಸದ ಪ್ರತಿ ಗೂಗಲ್ ಡ್ರೈವಿನಲ್ಲಿ. ಅಲ್ಲಿ ಫೈಲಿನ ಹಳೆಯ ರೂಪ 30 ದಿನದವರೆಗೆ ಸಿಗುತ್ತದೆ.

ಇನ್ನೊಂದು ಮಾತು. "ಬ್ಯಾಂಕಿನಿಂದ ಮಾತಾಡ್ತಿದೀವಿ, ಈ ಆ್ಯಪ್ ಹಾಕ್ಕೊಳ್ಳಿ" ಅನ್ನುವ ಫೋನಿಗೆ ಇದ್ಯಾವುದೂ ತಡೆಯಲ್ಲ, ಯಾಕೆಂದರೆ ಬಾಗಿಲು ತೆಗೆಯುವವರು ನಾವೇ. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಈ ಸಂಖ್ಯೆಯನ್ನು ಮಾನಿಟರಿನ ಕೆಳಗೆ ಚೀಟಿ ಅಂಟಿಸಿ ಬರೆದಿಟ್ಟಿದ್ದೇನೆ.

ಎಲ್ಲ ಜೋಡಿಸಿದ ಮೇಲೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಐಕಾರ್ ಪರೀಕ್ಷಾ ಫೈಲು ಇದೆ. 68 ಅಕ್ಷರಗಳ ಒಂದು ಸಾಲು ಅಷ್ಟೆ, ಯಾವ ಅಪಾಯವೂ ಇಲ್ಲ. ಪರೀಕ್ಷೆಗೆಂದೇ ಬಹುತೇಕ ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಎಂದು ಹಿಡಿಯಲು ಒಪ್ಪಿಕೊಂಡಿವೆ. ಐಕಾರ್ ಸಂಸ್ಥೆಯ ಜಾಲತಾಣದಿಂದ ಆ ಸಾಲನ್ನು ನೋಟ್‌ಪ್ಯಾಡಿಗೆ ಹಾಕಿ ಸೇವ್ ಮಾಡಿದರೆ ಸ್ವಲ್ಪದರಲ್ಲೇ ಮೂಲೆಯಲ್ಲಿ ಎಚ್ಚರಿಕೆ ಬರಬೇಕು, ಫೈಲು ಮಾಯವಾಗಬೇಕು. ಬರದಿದ್ದರೆ ರಿಯಲ್-ಟೈಮ್ ಪ್ರೊಟೆಕ್ಷನ್ ಆನ್ ಇದೆಯೇ, ವೈರಸ್ ಪಟ್ಟಿ ಯಾವ ದಿನದ್ದು ಎಂದು ನೋಡಿ. ಎರಡೂ ಸರಿಯಿದ್ದು ಮತ್ತೂ ಸುಮ್ಮನಿದ್ದರೆ ಆಫ್‌ಲೈನ್ ಸ್ಕ್ಯಾನ್ ಹಾಕಿ, ಅದು ಮುಗಿಯುವ ತನಕ ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ.