ಪ್ರತಿ ಗೊಂಬೆಗೂ ಒಂದು ಕಾರಣ: ನಾನು ಕಟ್ಟಿಕೊಂಡ ಅಂತರಿಕ್ಷದ ಆಟ

ಟ್ರಾವೆಲರ್ ಎಂಬ ಆಟ ಬಂದದ್ದು 1977ರಲ್ಲಿ. ಮಾರ್ಕ್ ಮಿಲ್ಲರ್ ರೂಪಿಸಿದ, ಅಂತರಿಕ್ಷದಲ್ಲಿ ನಡೆಯುವ ರೋಲ್‌ಪ್ಲೇ ಆಟ ಅದು. ಆಡುವವರು ಒಂದೊಂದು ಪಾತ್ರ ತಗೊಳ್ಳುತ್ತಾರೆ, ಒಬ್ಬರು ರೆಫರಿಯಾಗಿ ಕಥೆ ನಡೆಸುತ್ತಾರೆ. ನಾನು ಅದರ ಅಭಿಮಾನಿ. ಜೊತೆಗೆ ಮಿನಿಯೇಚರ್ ವಾರ್‌ಗೇಮ್ ಅಂದರೂ ಪ್ರಾಣ. ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ಟೇಪ್ ಹಿಡಿದು ಅಳೆದು ನಡೆಸುವ ಯುದ್ಧದಾಟ. ಇವೆರಡನ್ನೂ ಕೂಡಿಸಿ, ಬೆಂಗಳೂರಿನ ನಮ್ಮ ಮನೆಯಲ್ಲಿ ಗೆಳೆಯರ ಜೊತೆ ಆಡೋಕೆ ಅಂತ ಒಂದು ಆಟ ಕಟ್ಟಿಕೊಂಡಿದ್ದೇನೆ.

ಎರಡೂ ಬೇರೆ ಬೇರೆ ಬಗೆಯ ಆಟ, ಒಂದರಲ್ಲಿ ಮಾತು, ಇನ್ನೊಂದರಲ್ಲಿ ಲೆಕ್ಕ ಅಂತ ಅನ್ನುವವರಿದ್ದಾರೆ. ಆದರೆ ರೋಲ್‌ಪ್ಲೇ ಹುಟ್ಟಿದ್ದೇ ವಾರ್‌ಗೇಮ್ ಆಡುವವರ ನಡುವೆ. 1960ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಮಿನೆಸೋಟಾದಲ್ಲಿ ಡೇವಿಡ್ ವೆಸ್ಲಿ ನೆಪೋಲಿಯನ್ ಕಾಲದ ಯುದ್ಧದಾಟವೊಂದನ್ನು ನಡೆಸಿದರು. ಕೆಲವು ಆಟಗಾರರಿಗೆ ಸೈನ್ಯದ ಬದಲು ಊರಿನ ಮೇಯರ್, ಬ್ಯಾಂಕರ್ ಥರದ ಪಾತ್ರ ಕೊಟ್ಟರು. ಒಬ್ಬೊಬ್ಬರಿಗೂ ಬೇರೆ ಗುರಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಬಂದದ್ದು ಅದೇ ದಾರಿಯಲ್ಲಿ. ನನ್ನ ಆಟಕ್ಕೆ ನಾನು ಎತ್ತಿಕೊಂಡಿದ್ದು ಆ 'ಬೇರೆ ಗುರಿ'ಯನ್ನೇ. ಹೋರಾಟ ಶುರುವಾಗುವ ಮೊದಲು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಬರೆಯಬೇಕು: ಈ ಜಗಳದಿಂದ ನನ್ನ ಪಾತ್ರಕ್ಕೆ ಏನು ಬೇಕು? 'ಶತ್ರುವನ್ನು ಕೊಲ್ಲಬೇಕು' ಅಂತ ಬರೆದರೆ ನಾನು ಒಪ್ಪಲ್ಲ. ಯಾಕೆ ಅಂತ ಕೇಳಿ ಚೀಟಿ ವಾಪಸ್ ಕೊಡುತ್ತೇನೆ.

ದಾಳದ ನಿಯಮ ಪಾತ್ರದ ಆಟಕ್ಕೂ ಯುದ್ಧದಾಟಕ್ಕೂ ಒಂದೇ ಇಟ್ಟೆ. ಆರು ಮುಖದ ಎರಡು ದಾಳ ಹಾಕು, ನಿನ್ನ ಕೌಶಲದ ಅಂಕ ಕೂಡಿಸು, 8 ಅಥವಾ ಜಾಸ್ತಿ ಬಂದರೆ ಗೆದ್ದೆ. ಮೂಲ ಟ್ರಾವೆಲರ್‌ನಲ್ಲಿ ಗುಂಡು ತಾಗೋಕೆ ಇದ್ದದ್ದೂ ಇದೇ 8. ಕೌಶಲವೇ ಇಲ್ಲದಿದ್ದರೆ 36ರಲ್ಲಿ 15 ಸಲ ಗೆಲುವು, ಅಂದರೆ ಸುಮಾರು ನೂರಕ್ಕೆ 42. ಕೌಶಲ 2 ಇದ್ದರೆ 36ರಲ್ಲಿ 26, ನೂರಕ್ಕೆ 72. ಎರಡು ಅಂಕಕ್ಕೆ ಇಷ್ಟೊಂದು ವ್ಯತ್ಯಾಸ. ಹಾಗಾಗಿ ಪಾತ್ರದ ಹಿಂದಿನ ಬದುಕಿಗೆ ನಿಜವಾದ ಬೆಲೆ ಬರುತ್ತೆ. ಎಂಟು ವರ್ಷ ಸರಕು ನೌಕೆಯಲ್ಲಿ ದುಡಿದವನು ಎಂಜಿನ್ ಮುಟ್ಟಿದರೆ ಅದು ಮೇಜಿನ ಮೇಲೆ ಕಾಣಬೇಕು, ಅಲ್ವಾ? ನಮ್ಮಲ್ಲಿ ಮಾತಾಡಿ ಒಪ್ಪಿಸೋದು, ಬೀಗ ತೆಗೆಯೋದು, ಗುಂಡು ಹೊಡೆಯೋದು ಎಲ್ಲಕ್ಕೂ ಇದೇ ದಾಳ. ಹೋರಾಟದ ನಡುವೆ ಬಂದೂಕು ಕೆಳಗಿಟ್ಟು ಮಾತಾಡುವುದೂ ಒಂದು ನಡೆ.

ನೌಕೆಗಳ ಓಟ ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದ ಭಾಗ. ಮೂಲ ಆಟದಲ್ಲಿದ್ದ ವೆಕ್ಟರ್ ಕ್ರಮವನ್ನೇ, ಅಂದರೆ ನೌಕೆಯ ವೇಗ ಮತ್ತು ದಿಕ್ಕು ಮುಂದಿನ ಸರದಿಗೂ ಹಾಗೇ ಉಳಿಯುವ ಕ್ರಮವನ್ನೇ, ಉಳಿಸಿಕೊಂಡಿದ್ದೇನೆ. ಒಂದು ಸರದಿ ಅಂದರೆ 1,000 ಸೆಕೆಂಡ್. ಮೇಜಿನ ಮೇಲೆ 1 ಸೆಂ.ಮೀ. ಅಂದರೆ 1,000 ಕಿ.ಮೀ. ಈ ಅಳತೆಯಲ್ಲಿ ಭೂಮಿ ಸುಮಾರು 13 ಸೆಂ.ಮೀ. ಅಗಲದ ಒಂದು ತಟ್ಟೆ. ಹಾಸನದ ಎಂಸಿಎಫ್ ಎಂಬ ಉಪಗ್ರಹ ನಿಯಂತ್ರಣ ಕೇಂದ್ರದಿಂದ ನಡೆಸುವ ಇಸ್ರೋದ ಭೂಸ್ಥಿರ ಉಪಗ್ರಹಗಳು ಆ ತಟ್ಟೆಯ ಅಂಚಿನಿಂದ 36 ಸೆಂ.ಮೀ. ದೂರದಲ್ಲಿ ಬರುತ್ತವೆ. ಚಂದ್ರ ಮೂರೂವರೆ ಸೆಂ.ಮೀ. ಅಗಲದ ಬಿಲ್ಲೆ, ಇಡಬೇಕಾದ್ದು 3.8 ಮೀಟರ್ ಆಚೆ. ಭೂಮಿ ಊಟದ ಮೇಜಿನ ಮೇಲಿದ್ದರೆ ಚಂದ್ರ ಅಡುಗೆಮನೆಯಲ್ಲಿ. ಮೊದಲ ಸಲ ಆಡುವವರಿಗೆ ನಾನು ಇದನ್ನು ಇಟ್ಟೇ ತೋರಿಸುತ್ತೇನೆ.

ಪ್ರತಿ ನೌಕೆಗೂ ಎರಡು ಮಣಿ. ಹೋದ ಸರದಿಯಲ್ಲಿ ಇದ್ದ ಜಾಗದಲ್ಲಿ ಕಪ್ಪು ಮಣಿ. ಅಲ್ಲಿಂದ ಈಗ ಇರುವ ಜಾಗಕ್ಕೆ ಎಷ್ಟು ದೂರ, ಯಾವ ದಿಕ್ಕು ಅಂತ ಅಳೆದು, ಅಷ್ಟೇ ದೂರ ಅದೇ ದಿಕ್ಕಿಗೆ ಮುಂದಕ್ಕೆ ಬಿಳಿ ಮಣಿ. ಎಂಜಿನ್ ಹಾಕದಿದ್ದರೆ ನೌಕೆ ಹೋಗಿ ಸೇರುವುದು ಅಲ್ಲಿಗೇ. 1 ಜಿ ಎಂಜಿನ್ (ಭೂಮಿಯ ಗುರುತ್ವದಷ್ಟೇ ಜೋರಾಗಿ ನೌಕೆಯನ್ನು ತಳ್ಳುವಂಥದ್ದು) ಇರುವವರು ಬಿಳಿ ಮಣಿಯನ್ನು ಬೇಕಾದ ಕಡೆಗೆ 10 ಸೆಂ.ಮೀ. ತನಕ ಸರಿಸಬಹುದು, ಅಷ್ಟೇ. ಸರದಿಗೆ 30 ಸೆಂ.ಮೀ. ಓಡುತ್ತಿರುವ ನೌಕೆ ನಿಲ್ಲಬೇಕಾದರೆ ಮೂರು ಸರದಿ ಬೇಕು. ಅಷ್ಟರಲ್ಲಿ ಅದು ಇನ್ನೂ 30 ಸೆಂ.ಮೀ. ಮುಂದೆ ಹೋಗಿರುತ್ತೆ. "ಬ್ರೇಕ್ ಇಲ್ವೇನೋ ಇದಕ್ಕೆ?" ಅಂತ ಹೊಸಬರು ಕೇಳೇ ಕೇಳುತ್ತಾರೆ. ಇಲ್ಲ. ಒಂದೆರಡು ಸರದಿ ಆಡಿದರೆ ಕೈಗೆ ಹಿಡಿತ ಸಿಗುತ್ತೆ.

ನೌಕೆಯ ಒಳಗಿನ ಹೋರಾಟಕ್ಕೆ 28 ಮಿ.ಮೀ. ಗೊಂಬೆಗಳು. ಒಂದಿಂಚಿನ ಚೌಕ ಅಂದರೆ ಒಂದೂವರೆ ಮೀಟರ್. ಗೋಡೆ, ಬಾಗಿಲು ಎಲ್ಲ ಸನ್‌ಬೋರ್ಡ್ ಕತ್ತರಿಸಿ ಮಾಡಿದ್ದು. ಖಾಲಿ ಮಾತ್ರೆ ಪಟ್ಟಿಗಳನ್ನು ಅಂಟಿಸಿದರೆ ಕಂಟ್ರೋಲ್ ಪ್ಯಾನಲ್ ಆಗುತ್ತೆ. ಕಪ್ಪು ಪ್ರೈಮರ್ ಹೊಡೆದು, ಒಣ ಬ್ರಷ್ಷಿನಲ್ಲಿ ಬೆಳ್ಳಿ ಬಣ್ಣ ಸವರಿದರೆ ಸಾಕು. ಗೊಂಬೆಗಳು ದ್ರವ ರೆಸಿನ್‌ನಿಂದ 3ಡಿ ಪ್ರಿಂಟ್ ಮಾಡಿದ್ದು. ಅದಕ್ಕೆ ಗ್ಲೌಸ್ ಹಾಕಲೇಬೇಕು, ಕಿಟಕಿ ತೆರೆದಿರಲೇಬೇಕು.

ಎರಡು ಅಳತೆಗಳೂ ಕೂಡಿ ಹೇಗೆ ಕೆಲಸ ಮಾಡುತ್ತವೆ ಅನ್ನೋದಕ್ಕೆ ಇತ್ತೀಚಿನ ಆಟವನ್ನೇ ಹೇಳುತ್ತೇನೆ. ನಮ್ಮವರು ಒಂದು ಸರಕು ನೌಕೆಗೆ ಅಂಟಿಕೊಂಡು ಒಳಗೆ ನುಗ್ಗಿದರು. ಕ್ಯಾಪ್ಟನ್ ಚೀಟಿಯಲ್ಲಿ 'ಸಾಲದ ಪತ್ರ', ಎಂಜಿನಿಯರ್ ಚೀಟಿಯಲ್ಲಿ 'ಇಂಧನ ಪಂಪ್, ಒಂದು ಗೀರೂ ಬೀಳದಂತೆ', ಡಾಕ್ಟರ್ ಚೀಟಿಯಲ್ಲಿ 'ತಮ್ಮ'. ಅವಳ ತಮ್ಮ ಆ ನೌಕೆಯ ಕಾವಲುಗಾರ. ಪಂಪ್ ಇದ್ದ ಕೋಣೆಯಲ್ಲಿ ಎಂಜಿನಿಯರ್ ಗುಂಡು ಹೊಡೆಯೋಕೆ ಒಪ್ಪಲಿಲ್ಲ. ಮುಂದೆ ನಿಂತವರಿಗೆ ಬೆಂಬಲವೇ ಇಲ್ಲದಂತಾಯಿತು. ಆಗ ಡಾಕ್ಟರ್ ಬಂದೂಕು ಕೆಳಗಿಟ್ಟು ತಮ್ಮನ ಹತ್ತಿರ ಮಾತಿಗೆ ಹೋದಳು. ದಾಳದಲ್ಲಿ 5 ಬಿತ್ತು, ಮಾತಿನ ಕೌಶಲ 2. ಒಟ್ಟು 7. ಒಂದೇ ಒಂದು ಅಂಕಕ್ಕೆ ತಪ್ಪಿತು. ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ತಮ್ಮ ಬಾಗಿಲು ಮುಚ್ಚಿದ, ಅಕ್ಕ ಒಳಗೇ ಉಳಿದಳು.

ಉಳಿದವರು ಹಿಂದಕ್ಕೆ ಬಂದು ನೌಕೆ ಬಿಡಿಸಿಕೊಂಡರು. ಕಳಚಿದ ಕ್ಷಣದಲ್ಲಿ ಎರಡಕ್ಕೂ ಒಂದೇ ವೇಗ, ಸರದಿಗೆ 20 ಸೆಂ.ಮೀ. ಆದರೆ ನಮ್ಮ ಎಂಜಿನ್ ಪೆಟ್ಟು ತಿಂದು ಅರ್ಧ ಶಕ್ತಿಗಿಳಿದಿತ್ತು. ಓಡಿಹೋಗುತ್ತಿದ್ದ ಸರಕು ನೌಕೆಯವರು ಬಿಳಿ ಮಣಿಯನ್ನು 10 ಸರಿಸಿದರೆ ಬೆನ್ನು ಹತ್ತಿದ ನಾವು 5. ಅಂತರ ಮೊದಲು 5 ಸೆಂ.ಮೀ. ಆಯಿತು, ಆಮೇಲೆ 15, ಆಮೇಲೆ 30. ಡಾಕ್ಟರ್ ಪಾತ್ರದ ಗೆಳತಿ ಪ್ರತಿ ಸರದಿಗೂ ತಾನೇ ಟೇಪ್ ಹಿಡಿದು ಅಳೆದಳು.

ಡಾಕ್ಟರನ್ನು ಕರೆತರುವುದು ನನ್ನ ಕಥೆಯಲ್ಲಿ ಇರಲಿಲ್ಲ. ಆದರೆ ಮುಂದಿನ ಸಲಕ್ಕೆ ಮೂವರೂ ಒಂದೇ ಮಾತು ಬರೆದ ಚೀಟಿಯನ್ನು ಈಗಲೇ ಕೊಟ್ಟು ಹೋಗಿದ್ದಾರೆ. ಸಾಲ, ಪಂಪ್ ಎರಡೂ ಪಕ್ಕಕ್ಕೆ ಹೋದವು. ಆ ಸರಕು ನೌಕೆಯ ಕೆಳ ಅಂತಸ್ತಿಗೆ ನಕ್ಷೆಯೇ ಇಲ್ಲ, ಅದನ್ನು ಈ ವಾರ ಬರೆಯಬೇಕು. ಡಾಕ್ಟರನ್ನು ಕೂಡಿಟ್ಟ ಕೋಣೆಯ ಸನ್‌ಬೋರ್ಡ್ ಆಗಲೇ ಕತ್ತರಿಸಿದ್ದೇನೆ.