ಎಂಜಿನ್ ಬಿಸಿ ಅಳೆಯುವ ಸೆನ್ಸರನ್ನು ಎಲ್ಲಿ ಕೂರಿಸಬೇಕು?

ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಚಾರ್ಮಾಡಿ ಘಾಟಿ ಏರುತ್ತಿದ್ದೆ. ತೋಟದ ಹಳೆಯ ಜೀಪು, ಹಿಂದೆ ನಾಲ್ಕು ಮೂಟೆ ಗೊಬ್ಬರ, ಜಿಟಿಜಿಟಿ ಮಳೆ. ಹೊಸದಾಗಿ ಹಾಕಿಸಿದ್ದ ಟೆಂಪರೇಚರ್ ಮೀಟರಿನ ಮುಳ್ಳು 92ರಲ್ಲಿ ನಿಂತಿತ್ತು. ಅಣ್ಣಪ್ಪ ಸ್ವಾಮಿ ಗುಡಿ ದಾಟಿ ಕೆಲವು ತಿರುವು ಕಳೆಯುವಷ್ಟರಲ್ಲಿ ಅದು 70ಕ್ಕೆ ಇಳಿಯಿತು. ಮಳೆಗಾಳಿಗೆ ಎಂಜಿನ್ ತಣಿಯಿತೆಂದು ನೆಮ್ಮದಿಯಾಯಿತು. ಎರಡನೇ ಗೇರಿನಲ್ಲೇ ಮುಂದುವರಿಸಿದೆ. ಐದು ನಿಮಿಷದಲ್ಲಿ ಬಾನೆಟ್ಟಿನ ಸಂದಿಯಿಂದ ಎಂಜಿನ್ ತಣಿಸುವ ನೀರಿನ, ಅಂದರೆ ಕೂಲಂಟಿನ, ಸಿಹಿ ವಾಸನೆ ಬಂತು, ಎಂಜಿನ್ ಬಡಿದುಕೊಳ್ಳತೊಡಗಿತು, ಮತ್ತೊಂದು ತಿರುವಿನಲ್ಲಿ ನಿಂತೇಹೋಯಿತು.

ರೇಡಿಯೇಟರಿನ ಕೆಳಗಿನ ಹೋಸ್ ಸೀಳಿ ನೀರೆಲ್ಲ ರಸ್ತೆಪಾಲಾಗಿತ್ತು. ಮೀಟರಿನ ಸೆನ್ಸರ್ ಇದ್ದದ್ದು ಮೇಲಿನ ಹೋಸಿನಲ್ಲಿ. ನೀರು ಖಾಲಿಯಾದ ಮೇಲೆ ಅದು ಹೋಸಿನೊಳಗಿನ ಗಾಳಿಯ ಬಿಸಿಯನ್ನಷ್ಟೇ ಹೇಳುತ್ತಿತ್ತು. ಎಂಜಿನ್ನಿನ ಮೇಲ್ಮುಚ್ಚಳವಾದ ಸಿಲಿಂಡರ್ ಹೆಡ್ ಬಾಗಿತ್ತು, ಅದರ ಕೆಳಗಿನ ಗ್ಯಾಸ್ಕೆಟ್ ಸುಟ್ಟಿತ್ತು. ಸೆನ್ಸರಿಗೂ ಮೀಟರಿಗೂ ಯಾವ ದೋಷವೂ ಇರಲಿಲ್ಲ. ಕೂರಿಸಿದ ಜಾಗ ತಪ್ಪಾಗಿತ್ತು. ಮಲೆನಾಡಿನ ಏರುಗಳಲ್ಲಿ ಹಳೆಯ ಗಾಡಿ ಓಡಿಸುವವರು ಈ ಜಾಗದ ವಿಚಾರವನ್ನು ಮೆಕ್ಯಾನಿಕ್ಕಿಗೆ ಬಿಟ್ಟುಬಿಡದೆ ತಾವೂ ತಿಳಿದಿರಬೇಕು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಕಾರಿನಲ್ಲೇ ಒಂದು ಮೀಟರ್ ಇದೆಯಲ್ಲ, ಇನ್ನೊಂದೇಕೆ ಎಂದು ಕೇಳಬಹುದು. ಹಲವು ಕಾರುಗಳಲ್ಲಿ ಆ ಮುಳ್ಳು ಸುಮಾರು 80 ಡಿಗ್ರಿಯಿಂದ 100ರ ಆಚೆಯವರೆಗೂ ನಡುಗೆರೆ ಬಿಟ್ಟು ಕದಲುವುದಿಲ್ಲ. ಚಾಲಕ ಗಾಬರಿಯಾಗದಿರಲಿ ಎಂದು ತಯಾರಕರೇ ಹಾಗೆ ಹೊಂದಿಸಿರುತ್ತಾರೆ. ಕೆಲವು ಹೊಸ ಕಾರುಗಳಲ್ಲಿ ಮುಳ್ಳೂ ಇಲ್ಲ, ನೀಲಿ ಮತ್ತು ಕೆಂಪು ದೀಪ ಮಾತ್ರ. ಆದರೆ ನಿಮ್ಮ ಕಾರು 2013ರ ಈಚಿನದಾದರೆ ಹೋಸ್ ಕತ್ತರಿಸುವ ಮೊದಲು ಸ್ಟೀರಿಂಗಿನ ಕೆಳಗೆ ಬಗ್ಗಿ ನೋಡಿ. ಅಲ್ಲಿ ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಇಟ್ಟ ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಪುಟ್ಟ ಬ್ಲೂಟೂತ್ ಸಾಧನ ಸಿಕ್ಕಿಸಿದರೆ ಕಾರಿನ ಸ್ವಂತ ಸೆನ್ಸರಿನ ನಿಖರ ಅಂಕಿ ಮೊಬೈಲಿನಲ್ಲೇ ಕಾಣುತ್ತದೆ. ವಾರಂಟಿ ಇರುವ ಕಾರಿಗೆ ಅದೇ ಸಾಕು. ಮುಂದಿನದೆಲ್ಲ ಹಳೆಯ ಜೀಪು, ಹಳೆಯ ಕಾರು ಇಟ್ಟುಕೊಂಡವರಿಗೆ.

ಮೊದಲು ನೀರಿನ ದಾರಿ ತಿಳಿಯಿರಿ

ವಾಟರ್ ಪಂಪ್ ತಳ್ಳಿದ ನೀರು ಸಿಲಿಂಡರುಗಳ ಸುತ್ತ ಹರಿದು ಮೇಲೆ ಹೆಡ್ಡಿಗೆ ಬರುತ್ತದೆ. ಎಂಜಿನ್ನಿನಲ್ಲಿ ನೀರು ಅತಿ ಹೆಚ್ಚು ಕಾದಿರುವುದು ಅದು ಹೆಡ್ಡಿನಿಂದ ಹೊರಬೀಳುವ ಬಾಯಿಯಲ್ಲಿ. ಅಲ್ಲೇ ಥರ್ಮೋಸ್ಟಾಟ್ ಎಂಬ ಬಾಗಿಲು ಕಾಯುತ್ತಿರುತ್ತದೆ. ಒಳಗಿನ ಮೇಣ ಕರಗಿ ಹಿಗ್ಗಿದಾಗ, ಸಾಮಾನ್ಯವಾಗಿ 82 ಅಥವಾ 88 ಡಿಗ್ರಿಗೆ, ಅದು ತೆರೆದು ನೀರನ್ನು ಮೇಲಿನ ಹೋಸಿನ ಮೂಲಕ ರೇಡಿಯೇಟರಿಗೆ ಬಿಡುತ್ತದೆ. ತಣಿದ ನೀರು ಕೆಳಗಿನ ಹೋಸಿನಿಂದ ಮತ್ತೆ ಪಂಪಿಗೆ ಮರಳುತ್ತದೆ.

ಇದನ್ನು ಕೈಯಿಂದಲೇ ಕಂಡುಕೊಳ್ಳಬಹುದು. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಶುರು ಮಾಡಿ, ಫ್ಯಾನಿಗೂ ಬೆಲ್ಟಿಗೂ ಕೈ ತಾಗದಂತೆ ಮೇಲಿನ ಹೋಸನ್ನು ಮುಟ್ಟುತ್ತಿರಿ. ಹೆಡ್ಡಿನ ಬಾಯಿ ಸುಡುವಷ್ಟು ಕಾದರೂ ಹೋಸ್ ಬೆಚ್ಚಗಷ್ಟೇ ಇರುತ್ತದೆ. ಆಮೇಲೆ ಒಮ್ಮೆಲೇ, ಯಾರೋ ಒಳಗಿನಿಂದ ಬಿಸಿನೀರು ಸುರಿದಂತೆ, ಕೈ ಇಡಲಾಗದಷ್ಟು ಕಾಯುತ್ತದೆ. ಬಾಗಿಲು ತೆರೆದ ಗಳಿಗೆ ಅದು. ಈ ಎರಡು ಬಿಸಿಗಳ ನಡುವಿನ ವ್ಯತ್ಯಾಸ ಒಮ್ಮೆ ಅಂಗೈಗೆ ತಿಳಿದರೆ ಸೆನ್ಸರ್ ಬಾಗಿಲಿನ ಯಾವ ಕಡೆ ಇರಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಕೆಳಗೆ, ಪಂಪಿನ ಬಳಿ ಇರುತ್ತದೆ. ಅಲ್ಲಿಯೂ ನಮಗೆ ಬೇಕಾದದ್ದು ಹೆಡ್ಡಿನಿಂದ ನೀರು ಹೊರಬರುವ ಬಾಯಿಯೇ.

ಜಾಗದ ಆಯ್ಕೆ

ಎಲ್ಲಕ್ಕಿಂತ ಒಳ್ಳೆಯದು ಹೆಡ್ಡಿಗೂ ಥರ್ಮೋಸ್ಟಾಟಿಗೂ ನಡುವಿನ ಜಾಗ. ಬಾಗಿಲು ಮುಚ್ಚಿರಲಿ, ತೆರೆದಿರಲಿ, ಅಂಟಿಕೊಂಡು ಕೆಟ್ಟಿರಲಿ, ಅಲ್ಲಿ ಎಂಜಿನ್ನಿನ ನಿಜವಾದ ಬಿಸಿ ಸಿಗುತ್ತದೆ. ಹೆಡ್ಡಿನ ಪಕ್ಕ ಅಥವಾ ಥರ್ಮೋಸ್ಟಾಟ್ ಹೌಸಿಂಗಿನ ಬುಡದಲ್ಲಿ ಡಮ್ಮಿ ಬೋಲ್ಟ್ ಹಾಕಿ ಮುಚ್ಚಿದ ತೂತು ಇದೆಯೇ ಹುಡುಕಿ. ನಮ್ಮ ಕಡೆಯ ತೋಟದ ಜೀಪುಗಳಲ್ಲಿ ಹೀಟರ್ ಇಲ್ಲದಿರುವುದೇ ಹೆಚ್ಚು. ಹೀಟರಿಗೆಂದು ಹೆಡ್ಡಿನಲ್ಲಿ ಬಿಟ್ಟ ದಾರಿ ಹಾಗೆಯೇ ಮುಚ್ಚಿರುತ್ತದೆ, ಅದು ಹೇಳಿ ಮಾಡಿಸಿದಂಥ ಜಾಗ. ನನ್ನ ಜೀಪಿನಲ್ಲೂ ಅಂಥದೊಂದು ಇತ್ತು. ಮೂವತ್ತು ವರ್ಷದ ಮಣ್ಣು, ಎಣ್ಣೆಜಿಡ್ಡು ಮೆತ್ತಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿದಾಗ ಚೌಕ ತಲೆಯ ಬೋಲ್ಟ್ ಕಾಣಿಸಿತು.

ಹೀಟರ್ ಇರುವ ಗಾಡಿಯಲ್ಲಿ ಹೆಡ್ಡಿನಿಂದ ಹೀಟರಿಗೆ ಹೋಗುವ ಹೋಸ್ ಎರಡನೇ ಆಯ್ಕೆ. ಥರ್ಮೋಸ್ಟಾಟ್ ಮುಚ್ಚಿದ್ದರೂ ಅದರಲ್ಲಿ ನೀರು ಹರಿಯುತ್ತಿರುತ್ತದೆ. ಆದರೆ ಹೀಟರ್ ಆಫ್ ಮಾಡಿದಾಗ ವಾಲ್ವ್ ಆ ನೀರನ್ನೇ ನಿಲ್ಲಿಸುವ ವ್ಯವಸ್ಥೆ ನಿಮ್ಮ ಗಾಡಿಯಲ್ಲಿದ್ದರೆ ಅದು ಬೇಡ.

ಮೇಲಿನ ಹೋಸನ್ನು ಕತ್ತರಿಸಿ ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಇಟ್ಟು ಎರಡು ಕ್ಲಿಪ್ ಬಿಗಿಯುವುದು ಗ್ಯಾರೇಜುಗಳಲ್ಲಿ ಹೆಚ್ಚು ನಡೆಯುವ ಕೆಲಸ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ನಾನು ಇದಕ್ಕೆ ಒಪ್ಪುವುದಿಲ್ಲ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೆಟ್ಟರೆ ಒಳಗೆ ಎಂಜಿನ್ ಕುದಿಯುತ್ತಿದ್ದರೂ ಈ ಹೋಸ್ ತಣ್ಣಗಿರುತ್ತದೆ. ಕೆಳಗಿನ ಹೋಸಿನ ಮಾತೇ ಬೇಡ. ಅಲ್ಲಿ ಸಿಗುವುದು ರೇಡಿಯೇಟರ್ ತಣಿಸಿ ಕಳಿಸಿದ ನೀರಿನ ಅಂಕಿ.

ಕಾರಿನ ಕಂಪ್ಯೂಟರಿಗೆ ಹೋಗುವ ಎರಡು ತಂತಿಯ ಸೆನ್ಸರನ್ನು ಮುಟ್ಟಬೇಡಿ. ಅದರ ತಂತಿಗೆ ಹೊಸ ಮೀಟರ್ ಜೋಡಿಸಿದರೆ ವೋಲ್ಟೇಜ್ ಬದಲಾಗಿ ಕಂಪ್ಯೂಟರಿಗೆ ತಪ್ಪು ಬಿಸಿ ತಿಳಿಯುತ್ತದೆ. ಪೆಟ್ರೋಲ್ ಎಷ್ಟು ಬಿಡಬೇಕೆಂಬ ಲೆಕ್ಕವೇ ಕೆಡುತ್ತದೆ.

ಜಾಗ ಒಪ್ಪಿದ ಮೇಲೂ ಕೆಲವು ಸಂಗತಿ ನೋಡಬೇಕು. ಸೆನ್ಸರಿನ ತುದಿ ಹರಿಯುವ ನೀರಿನೊಳಗೆ ಚಾಚಿರಬೇಕು. ಗುಂಡಿಯೊಳಗೆ ಅಡಗಿ ಕೂತರೆ ನಿಂತ ನೀರಿನ ಬಿಸಿ ತೋರಿಸುತ್ತದೆ. ಹಾಗೆಂದು ಎದುರಿನ ಗೋಡೆಗೂ ಥರ್ಮೋಸ್ಟಾಟಿಗೂ ತಾಗಬಾರದು. ಗಾಳಿಗುಳ್ಳೆ ಸೇರುವ ನೆತ್ತಿಗಿಂತ ಪಕ್ಕದಿಂದ ಹಾಕುವುದು ಲೇಸು. ಹೊಗೆ ಹೋಗುವ ಮ್ಯಾನಿಫೋಲ್ಡಿನಿಂದ ಕನಿಷ್ಠ ಒಂದು ಗೇಣು ದೂರವಿರಲಿ.

ಕೂರಿಸುವ ಕೆಲಸ

ಎಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆದು ನೀರು ಬಸಿಯಿರಿ. ಬಿಸಿ ಇರುವಾಗ ಕ್ಯಾಪ್ ತಿರುಗಿಸಿ ಮುಖ ಸುಟ್ಟುಕೊಂಡವರನ್ನು ಕಂಡಿದ್ದೇನೆ, ದಯವಿಟ್ಟು ಅವಸರ ಬೇಡ. ಡಮ್ಮಿ ಬೋಲ್ಟನ್ನು ಬಿಚ್ಚಿ ಲೇತ್ ಅಂಗಡಿಗೆ ಒಯ್ದು ಥ್ರೆಡ್ ಅಳೆಸಿ, ಸೆನ್ಸರಿನ ಥ್ರೆಡ್ಡಿಗೆ ಹೊಂದುವ ಹಿತ್ತಾಳೆ ಬುಷ್ ಮಾಡಿಸಿ. ಮೀಟರ್ ಮತ್ತು ಸೆನ್ಸರ್ ಒಂದೇ ಜೋಡಿಯಾಗಿ ಬಂದವಾಗಿರಬೇಕು. ಒಂದರ ಮೀಟರಿಗೆ ಇನ್ನೊಂದರ ಸೆನ್ಸರ್ ಕೂಡಿಸಿದರೆ ಅಂಕಿ ತಾಳೆಯಾಗುವುದಿಲ್ಲ.

ಮುಚ್ಚಿದ ತೂತು ಎಲ್ಲೂ ಸಿಗದಿದ್ದರೆ ಥರ್ಮೋಸ್ಟಾಟ್ ಹೌಸಿಂಗಿನಲ್ಲಿ, ಎಂಜಿನ್ ಕಡೆಯ ದಪ್ಪ ಭಾಗದಲ್ಲಿ, ಕೊರೆದು ಟ್ಯಾಪ್ ಮಾಡಬೇಕಾಗುತ್ತದೆ, ಅಂದರೆ ತೂತಿನೊಳಗೆ ಥ್ರೆಡ್ ಕೊಯ್ಯಬೇಕಾಗುತ್ತದೆ. 10 ಮಿಲಿಮೀಟರ್ ವ್ಯಾಸ, 1 ಮಿಲಿಮೀಟರ್ ಪಿಚ್ಚಿನ ಥ್ರೆಡ್ಡಿಗೆ 9 ಮಿಲಿಮೀಟರ್ ಡ್ರಿಲ್ ಬೇಕು. ಹೌಸಿಂಗನ್ನು ಬಿಚ್ಚಿ ಮೇಜಿನ ಮೇಲಿಟ್ಟೇ ಕೊರೆಯಿರಿ. ಗಾಡಿಯ ಮೇಲೆಯೇ ಕೊರೆದರೆ ಲೋಹದ ಚೂರು ಒಳಬಿದ್ದು ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಒಂದೇ ತಂತಿಯ ಸೆನ್ಸರಿಗೆ ಅರ್ಥ್ ಸಿಗುವುದು ಅದರ ಹಿತ್ತಾಳೆ ಮೈಯಿಂದಲೇ. ಸೋರಬಾರದೆಂದು ಟೆಫ್ಲಾನ್ ಟೇಪನ್ನು ಐದಾರು ಸುತ್ತು ಸುತ್ತಿದರೆ ಆ ಸಂಪರ್ಕ ಸಡಿಲವಾಗಿ ಅಂಕಿ ತಪ್ಪುತ್ತದೆ. ತುದಿಯತ್ತ ಸಣ್ಣದಾಗುವ ಓರೆ ಥ್ರೆಡ್ಡಾದರೆ ಸೀಲಿಂಗ್ ಪೇಸ್ಟ್ ತೆಳುವಾಗಿ ಸವರಿದರೆ ಸಾಕು. ನೇರ ಥ್ರೆಡ್ಡಾದರೆ ತಾಮ್ರದ ವಾಷರ್ ಹಾಕಿ. ಅನಿವಾರ್ಯವಾಗಿ ಹೋಸ್ ಅಡಾಪ್ಟರನ್ನೇ ಬಳಸಿದ್ದರೆ, ರಬ್ಬರಿನ ನಡುವೆ ತೂಗುವ ಅದಕ್ಕೆ ಪ್ರತ್ಯೇಕ ಅರ್ಥ್ ತಂತಿ ಬೇಕೇ ಬೇಕು. ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಜಿಗಿದರೆ ಅರ್ಥ್ ಸರಿಯಿಲ್ಲ ಎಂದೇ ತಿಳಿಯಿರಿ.

ನೀರು ತುಂಬುವಾಗ ಗಾಡಿಯ ಮೂತಿ ಮೇಲಾಗಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ. ಚಿಕ್ಕಮಗಳೂರಿನಲ್ಲಿ ಇಳಿಜಾರಿಗೆ ಬರವಿಲ್ಲ. ಕೂಲಂಟನ್ನು ನಿಧಾನವಾಗಿ ಹೊಯ್ದು ಗುಳ್ಳೆಗಳು ನಿಲ್ಲುವವರೆಗೆ ಕಾಯಿರಿ.

ಇಷ್ಟಾದರೂ ನೀರೇ ಇಲ್ಲದಾಗ ನೀರಿನ ಸೆನ್ಸರನ್ನು ನಂಬುವಂತಿಲ್ಲ. ಹೆಡ್ಡಿಗೆ ಬಿಗಿದ ಸೆನ್ಸರಿಗೆ ಲೋಹದ ಬಿಸಿ ಒಂದಿಷ್ಟು ತಟ್ಟುತ್ತದೆ ನಿಜ, ಆದರೆ ಅದು ಸಾಲದು. ಅದಕ್ಕೇ ನಾನು ಹೆಡ್ಡಿನ ಹೊರಮೈಯ ಸಣ್ಣ ಬೋಲ್ಟೊಂದರ ಕೆಳಗೆ ಉಂಗುರದಂಥ ಎರಡನೇ ಸೆನ್ಸರ್ ಹಾಕಿ ಅಲಾರಂ ಜೋಡಿಸಿದ್ದೇನೆ. ಹೆಡ್ಡನ್ನು ಹಿಡಿದಿಡುವ ದೊಡ್ಡ ಬೋಲ್ಟುಗಳನ್ನು ಮಾತ್ರ ಇದಕ್ಕಾಗಿ ಸಡಿಲಿಸಬಾರದು. ಅಂದು ಇದೊಂದಿದ್ದರೆ ಹೆಡ್ ಉಳಿಯುತ್ತಿತ್ತು ಎಂದು ಈಗಲೂ ಕೊರಗುತ್ತೇನೆ.

ಸರಿಯಿದೆಯೇ ನೋಡುವುದು

ಸೆನ್ಸರನ್ನು ಕೂರಿಸುವ ಮೊದಲೇ ತಂತಿ ಜೋಡಿಸಿ, ಕುದಿಯುವ ನೀರಿನ ಪಾತ್ರೆಯಲ್ಲಿ ಅದ್ದಿ ಮೀಟರನ್ನು ನೋಡಿಕೊಳ್ಳಬೇಕು. ಒಂದೇ ತಂತಿಯದಾದರೆ ಅದರ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಇನ್ನೊಂದು ತಂತಿ ಕೊಡಿ. 100 ಬರಲಿಲ್ಲವೆಂದು ಮೀಟರನ್ನು ಅಂಗಡಿಗೆ ವಾಪಸು ಕೊಡಬೇಡಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಇಲ್ಲಿ ನೀರು 96ರ ಆಸುಪಾಸಿನಲ್ಲೇ ಕುದಿಯುತ್ತದೆ, 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 94ರ ಸುತ್ತಮುತ್ತ. ರೇಡಿಯೇಟರ್ ಕ್ಯಾಪ್ ಒಳಗಿನ ಒತ್ತಡವನ್ನು ಹಿಡಿದಿಟ್ಟಾಗ ಮಾತ್ರ ಎಂಜಿನ್ನಿನ ನೀರು 100 ದಾಟಿಯೂ ಕುದಿಯದೆ ಇರುತ್ತದೆ. ಕ್ಯಾಪಿನ ರಬ್ಬರ್ ಸವೆದ ಗಾಡಿ ಬಯಲುಸೀಮೆಗಿಂತ ನಮ್ಮ ಗುಡ್ಡಗಳಲ್ಲಿ ಬೇಗ ಉಕ್ಕುವುದು ಇದರಿಂದಲೇ. ಮೀಟರಿನ ಜೊತೆಗೆ ಹೊಸ ಕ್ಯಾಪನ್ನೂ ಹಾಕಿಸಿ.

ಕೊನೆಗೆ ಮುಳ್ಳಯ್ಯನಗಿರಿ ದಾರಿಯ ಕೈಮರದಿಂದ ಸೀತಾಳಯ್ಯನಗಿರಿಯವರೆಗೆ ಒಮ್ಮೆ ಏರಿ ಬನ್ನಿ. ಪಕ್ಕದಲ್ಲಿ ಕೂತವರು ಚೀಟಿಯಲ್ಲಿ ಅಂಕಿ ಬರೆದುಕೊಳ್ಳಲಿ: ಹೊರಟಾಗ ಎಷ್ಟು, ಏರಿನಲ್ಲಿ ಎಷ್ಟು, ಇಳಿಯುವಾಗ ಎಷ್ಟು. ನನ್ನ ಜೀಪು ಏರಿನಲ್ಲಿ 93, ಇಳಿಯುವಾಗ 84 ತೋರಿಸುತ್ತದೆ. ಅಲಾರಂ 105ಕ್ಕೆ ಇಟ್ಟಿದ್ದೇನೆ. ಮೇಲೆ ತಲುಪಿ ಎಂಜಿನ್ ನಿಲ್ಲಿಸಿದ ಮೇಲೆ ಕೀಲಿ ಆನ್ ಇಟ್ಟು ನೋಡಿದರೆ ಮುಳ್ಳು ಇನ್ನೂ ನಾಲ್ಕೈದು ಡಿಗ್ರಿ ಏರುವುದು ಕಾಣುತ್ತದೆ. ಪಂಪ್ ನಿಂತಿರುವುದರಿಂದ ಹೆಡ್ಡಿನ ಬಿಸಿ ನಿಂತ ನೀರಿಗೆ ಇಳಿಯುತ್ತಿರುತ್ತದೆ, ಗಾಬರಿ ಬೇಡ. ದೊಡ್ಡ ಏರು ಹತ್ತಿದಾಗ ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಕೀಲಿ ತಿರುಗಿಸಿ.